ತೂಗುವ ತಕ್ಕಡಿ, ತೂಗಾಡುವ ಮನಸ್ಸು

ದಸರೆಗೆಂದು ಕಾಡಿನಿಂದ ಮೈಸೂರಿಗೆ ಬರುವ ಆನೆಗಳನ್ನು, ಬಂದ ಕೆಲವೇ ದಿನಗಳಲ್ಲಿ, ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಒಂದೊಂದಾಗಿ ನಿಲ್ಲಿಸಿ ತೂಕ ನೋಡುವುದು ವಾಡಿಕೆ. ಅಂಬಾರಿ ಹೊರುವ ಅಭಿಮನ್ಯು 2024ರಲ್ಲಿ ಹೀಗೆ ನಿಂತಾಗ 5,560 ಕಿಲೋ ತೂಗಿದನು, 2025ರಲ್ಲಿ 5,360. ಬನ್ನಿಮಂಟಪಕ್ಕೆ ನೆರೆಯಾದ ನಮ್ಮ ಕೆಸರೆಯವರಿಗೆ ಈ ಆನೆಗಳೆಂದರೆ ಮನೆಯ ಮಕ್ಕಳಿದ್ದಂತೆ. ಇನ್ನೂರು ಕಿಲೋ ಇಳಿದುಹೋಯಿತೇ ಎಂದು ಮರುಗುವುದು ಸಹಜ. ಅಭಿಮನ್ಯುವಾದರೋ ಆ ವರ್ಷವೂ 750 ಕಿಲೋವಿನ ಅಂಬಾರಿಯನ್ನು ಹೊತ್ತು ಗಂಭೀರವಾಗಿ ನಡೆದನು. ಲೆಕ್ಕ ಹಾಕಿ ನೋಡಿದರೆ ಆ ಇನ್ನೂರು ಕಿಲೋ ಅವನ ಮೈತೂಕದಲ್ಲಿ ನೂರಕ್ಕೆ ಮೂರೂವರೆ ಪಾಲು ಮಾತ್ರ. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಅದನ್ನು ಹೊಂದಿಸಿದರೆ ಎರಡು ಕಿಲೋವಿಗೆ ತುಸು ಮಿಗಿಲು. ಇಷ್ಟು ವ್ಯತ್ಯಾಸವಾಗಲು ನಮಗೆ ಒಂದು ವರ್ಷ ಬೇಕಾಗಿಲ್ಲ. ಎರಡು ಮೂರು ದಿನಗಳು ಸಾಕು.

ಈ ಮಾತನ್ನು ಬರೆಯಲು ಕಾರಣರಾದವರು ನಮ್ಮ ಬೀದಿಯ ನಿವೃತ್ತ ಗೃಹಸ್ಥರೊಬ್ಬರು. ಸಕ್ಕರೆಯ ಕಾಯಿಲೆ ಕಾಣಿಸಿಕೊಂಡ ಮೇಲೆ ವೈದ್ಯರ ಮಾತಿನಂತೆ ಹತ್ತು ಕಿಲೋ ಇಳಿಸಿ, ಒಂದು ವರ್ಷದಿಂದ ಅರವತ್ತೆಂಟರ ಆಸುಪಾಸಿನಲ್ಲಿ ನಿಂತಿದ್ದವರು. ಗೌರಿ ಗಣೇಶ ಹಬ್ಬದ ಮರುದಿನ ತಕ್ಕಡಿ ಒಂದೂಮುಕ್ಕಾಲು ಕಿಲೋ ಹೆಚ್ಚು ತೋರಿಸಿತು. "ಮೇಷ್ಟ್ರೇ, ವರ್ಷದ ತಪಸ್ಸು ಎರಡು ಒಬ್ಬಟ್ಟಿಗೆ ಹೋಯಿತಲ್ಲ!" ಎಂದು ನನ್ನೆದುರು ಹಲುಬಿದರು. ಅಷ್ಟಕ್ಕೇ ಬಿಡಲಿಲ್ಲ. ಅಂದು ರಾತ್ರಿ ಊಟ ಬಿಟ್ಟರು. ಮರುದಿನ ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿಯನ್ನೂ ಬಿಟ್ಟು, ನಡೆಯಲು ಹೊರಟರು. ಬೀದಿಯ ತಿರುವಿನಲ್ಲಿ ಮೈ ಬೆವತು, ಕೈ ನಡುಗಿ, ಕುಸಿದು ಕುಳಿತರು. ಅವರ ಮನೆಯಾಕೆ ಓಡಿಬಂದು ಸಕ್ಕರೆ ನೀರು ಕುಡಿಸದಿದ್ದರೆ ಏನಾಗುತ್ತಿತ್ತೋ! ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ನುಂಗಿ ಆಹಾರ ಬಿಡುವುದು ಅಪಾಯವೆಂಬುದು ಅವರಿಗೆ ತಿಳಿಯದ್ದಲ್ಲ. ತಕ್ಕಡಿಯ ಅಂಕಿ ಅದನ್ನು ಮರೆಸಿತು.

ಆ ಒಂದೂಮುಕ್ಕಾಲು ಕಿಲೋ ಏನು? ಕೊಬ್ಬಂತೂ ಅಲ್ಲ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿಗಳ ಶಕ್ತಿ ಅಡಗಿದೆ. ಸಾಧಾರಣ ಗೃಹಸ್ಥನೊಬ್ಬನ ದಿನದ ಆಹಾರ ಎರಡು, ಎರಡೂವರೆ ಸಾವಿರ ಕ್ಯಾಲರಿ. ಎಂದಮೇಲೆ ಒಂದೇ ದಿನದಲ್ಲಿ ಒಂದು ಕಿಲೋ ಕೊಬ್ಬು ಬೆಳೆಯಬೇಕಾದರೆ, ದಿನದ ಊಟವನ್ನು ಮಾಡಿ ಮುಗಿಸಿ, ಅದರ ಮೇಲೆ ಮೂರು ದಿನಗಳ ಊಟವನ್ನು ಉಣ್ಣಬೇಕು. ಭೀಮಸೇನನಿಗೆ ಸಾಧ್ಯವಾದೀತು; ನಮ್ಮ ನೆರೆಯವರಿಗೆ ಅಲ್ಲ.

ಏರಿದ್ದು ಬಹುಮಟ್ಟಿಗೆ ನೀರು. ಗಂಡಸಿನ ದೇಹದಲ್ಲಿ ನೂರಕ್ಕೆ ಅರವತ್ತರಷ್ಟು, ಹೆಂಗಸಿನ ದೇಹದಲ್ಲಿ ಸುಮಾರು ಅರ್ಧದಷ್ಟು ನೀರೇ ಇದೆ. ಹಬ್ಬದ ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿಗಳ ಮೂಲಕ ಉಪ್ಪು ಹೆಚ್ಚಾಗಿ ಒಳಸೇರಿದಾಗ, ರಕ್ತದಲ್ಲಿ ಅದರ ಪ್ರಮಾಣ ಮೀರದಂತೆ ದೇಹವು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂತ್ರಪಿಂಡಗಳು ಹೆಚ್ಚಿನ ಉಪ್ಪನ್ನು ಹೊರದೂಡುವವರೆಗೆ ಆ ನೀರೂ ಇರುತ್ತದೆ. ಒಬ್ಬಟ್ಟು, ಅನ್ನ, ಪಾಯಸಗಳ ಪಿಷ್ಟ ಮತ್ತು ಸಕ್ಕರೆಗಳದು ಇನ್ನೊಂದು ಲೀಲೆ. ಅವುಗಳಲ್ಲೊಂದು ಪಾಲು ಗ್ಲೈಕೊಜೆನ್ ಎಂಬ ರೂಪದಲ್ಲಿ ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಡಲ್ಪಡುತ್ತದೆ. ಈ ಉಗ್ರಾಣದಲ್ಲಿ ಹಿಡಿಸುವುದು ಸುಮಾರು ಅರ್ಧ ಕಿಲೋ. ಆದರೆ ಒಂದು ಗ್ರಾಂ ಗ್ಲೈಕೊಜೆನ್ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಕಟ್ಟಿಕೊಂಡಿರುತ್ತದೆ. ಮಿತವಾಗಿ ಉಣ್ಣುವವರ ಉಗ್ರಾಣ ಅರೆಬರಿದಾಗಿರುವುದರಿಂದ ಹಬ್ಬದ ದಿನ ಅದು ಥಟ್ಟನೆ ತುಂಬಿಕೊಳ್ಳುತ್ತದೆ. ಪಥ್ಯ ಹಿಡಿದ ಮೊದಲ ವಾರದಲ್ಲಿ ಎರಡು ಕಿಲೋ ಕರಗಿತೆಂದು ಹಿಗ್ಗುವವರೂ ನೆನಪಿಡಬೇಕು: ಆಗ ಹೋದದ್ದರಲ್ಲಿಯೂ ಹೆಚ್ಚು ಪಾಲು ಇದೇ ನೀರು. ಹೆಂಗಸರಿಗೆ ತಿಂಗಳ ಋತುವಿಗೆ ಮುಂಚಿನ ದಿನಗಳಲ್ಲಿ ನೀರು ನಿಂತು ತೂಕ ಏರುವುದೂ, ಅನಂತರ ತಾನಾಗಿ ಇಳಿಯುವುದೂ ಉಂಟು.

ಕನ್ನಡ ಪಾಠ ಹೇಳುವವನಿಗೆ ಇಲ್ಲೊಂದು ಮಾತು ಹೊಳೆಯುತ್ತದೆ. ತಕ್ಕಡಿಯಲ್ಲಿ ತೂಗುವುದಕ್ಕೂ ತೊಟ್ಟಿಲು ತೂಗುವುದಕ್ಕೂ ನಮ್ಮ ಹಿರಿಯರು ಒಂದೇ ಕ್ರಿಯಾಪದವನ್ನಿಟ್ಟರು. ತೂಗಿದ್ದು ಓಲಾಡುತ್ತದೆ ಎಂಬುದು ಭಾಷೆಯಲ್ಲೇ ಇದೆ. ತುಲಾಪುರುಷದಾನ ಮಾಡುತ್ತಿದ್ದ ಅರಸರು ಭೋಜನಕ್ಕೆ ಮುಂಚೆ ತಕ್ಕಡಿ ಏರುತ್ತಿದ್ದರೋ ಅನಂತರವೋ! ದಾನ ಪಡೆಯುವವರಿಗೆ ಅನಂತರವೇ ಲಾಭ.

ಇಟಲಿಯ ಪಾಡುವಾದಲ್ಲಿ ಸಾಂಟೋರಿಯೋ ಎಂಬ ವೈದ್ಯನು ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲೇ ಕುಳಿತು ಉಂಡು, ಸುಮಾರು ಮೂವತ್ತು ವರ್ಷ ತನ್ನನ್ನೂ ತಾನು ಉಂಡದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿದನು. 1614ರಲ್ಲಿ ಅವನು ಪ್ರಕಟಿಸಿದ ಗ್ರಂಥದ ಪ್ರಕಾರ, ದಿನಕ್ಕೆ ಎಂಟು ಪೌಂಡು ಅನ್ನಪಾನಗಳು ಒಳಹೋದರೆ ಐದು ಪೌಂಡು ಕಣ್ಣಿಗೆ ಕಾಣದಂತೆ ಆವಿಯಾಗಿ ಹೊರಟುಹೋಗುತ್ತದೆ. ರಾತ್ರಿ ಮಲಗುವಾಗಿನ ತೂಕ ಬೆಳಗಾಗುವಷ್ಟರಲ್ಲಿ ಇಳಿದಿರುವುದಕ್ಕೆ ಉಸಿರು ಮತ್ತು ಚರ್ಮಗಳಿಂದ ಹೋಗುವ ಈ ಆವಿಯೂ ಒಂದು ಕಾರಣ.

ಹಾಗಾದರೆ ತಕ್ಕಡಿಯನ್ನೇ ಅಟ್ಟಕ್ಕೆ ಹಾಕಬೇಕೇ? ಬೇಡ. ಕನಿಷ್ಠ ಹದಿಮೂರೂವರೆ ಕಿಲೋ ಇಳಿಸಿ ಒಂದು ವರ್ಷವಾದರೂ ಉಳಿಸಿಕೊಂಡವರ ದಾಖಲೆಯೊಂದನ್ನು ಅಮೆರಿಕದಲ್ಲಿ 1994ರಲ್ಲಿ ಆರಂಭಿಸಿದರು. ಅವರಲ್ಲಿ ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುವವರು. ನೋಡುವ ರೀತಿ ಮುಖ್ಯ. ಬೆಳಿಗ್ಗೆ ಶೌಚ ತೀರಿಸಿ, ಕಾಫಿಗೆ ಮುಂಚೆ, ಹಗುರಾದ ಬಟ್ಟೆಯಲ್ಲಿ, ಗಟ್ಟಿ ನೆಲದ ಮೇಲಿಟ್ಟ ಒಂದೇ ತಕ್ಕಡಿಯಲ್ಲಿ ನೋಡಬೇಕು; ಚಾಪೆಯ ಮೇಲಿಟ್ಟರೆ ಅದು ಸುಳ್ಳು ಹೇಳೀತು. ಏಳು ದಿನಗಳ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ, ಬಂದುದನ್ನು ಹಿಂದಿನ ವಾರದ್ದರೊಡನೆ ಹೋಲಿಸಬೇಕು. ಮೂರು ನಾಲ್ಕು ವಾರ ಈ ಸರಾಸರಿ ಏರುತ್ತಲೇ ಹೋದರೆ ತಟ್ಟೆಯ ಅನ್ನವನ್ನು ಕಡಮೆ ಮಾಡುವ ಮಾತು. ನಮ್ಮ ನೆರೆಯವರ ಅಂಕಿ ಐದನೆಯ ದಿನಕ್ಕೆ ಅರವತ್ತೆಂಟಕ್ಕೆ ಮರಳಿತ್ತು.

ಎಲ್ಲ ಏರಿಳಿತವೂ ನಿರಪಾಯವೆಂದು ಯಾರೂ ತಿಳಿಯಬಾರದು. ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವಿರುವವರಿಗೆ ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿ, ಕಾಲು ಊದಿ, ಒತ್ತಿದಲ್ಲಿ ಗುಳಿ ಉಳಿದು, ಮಲಗಿದರೆ ಉಸಿರು ಕಟ್ಟುವಂತಾದರೆ ಅಂದೇ ವೈದ್ಯರನ್ನು ಕಾಣಬೇಕು. ಪಥ್ಯವಿಲ್ಲದೆ, ಪ್ರಯತ್ನವಿಲ್ಲದೆ, ಆರು ತಿಂಗಳು ವರ್ಷದೊಳಗೆ ಮೈತೂಕದ ಇಪ್ಪತ್ತನೆಯ ಒಂದು ಪಾಲು ಕರಗಿದವರಿದ್ದರೆ, "ಎಷ್ಟು ಸಣ್ಣಗಾಗಿದ್ದೀರಿ!" ಎಂದು ನೆಂಟರು ಮೆಚ್ಚುವುದನ್ನು ಕೇಳುತ್ತ ಕೂರದೆ ಪರೀಕ್ಷೆಗೆ ಹೋಗಲಿ.