ಪರದೇಶದ ರಾತ್ರಿ, ಕಿಸೆಯ ಕಾರ್ಡು

ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಪ್ರಯಾಣದಲ್ಲಿ ರೊಕ್ಕ ಕಾಯುವ ವಿದ್ಯೆ ಹೊಸದಲ್ಲ. ಪಂಢರಪುರಕ್ಕೋ ಗಾಣಗಾಪುರಕ್ಕೋ ಹೊರಟ ಹಿರಿಯರು ಬನಿಯನ್ನಿಗೆ ಒಳಕಿಸೆ ಹೊಲಿಸಿಕೊಂಡು, ಮೇಲಿನ ಕಿಸೆಯಲ್ಲಿ ಬಸ್ಸಿನ ಚಿಲ್ಲರೆಯನ್ನಷ್ಟೇ ಇಟ್ಟುಕೊಳ್ಳುತ್ತಿದ್ದರು. ಈಗ ಮೊಮ್ಮಕ್ಕಳು ಓದಲೆಂದು ಜರ್ಮನಿಗೆ, ಜಾರ್ಜಿಯಾಕ್ಕೆ ಹೊರಡುವ ಕಾಲ. ಒಳಕಿಸೆಯ ಜಾಗಕ್ಕೆ ಒಂದು ಪ್ಲಾಸ್ಟಿಕ್ ಕಾರ್ಡು ಬಂದಿದೆ. ಅದನ್ನು ಕೈಗಿತ್ತು, ಪಿನ್ ಹೇಳಿಕೊಟ್ಟರೆ ತಮ್ಮ ಕೆಲಸ ಮುಗಿಯಿತೆಂದು ಎಷ್ಟೋ ತಂದೆ ತಾಯಿಗಳು ತಿಳಿದಿರುತ್ತಾರೆ.

ಮುಖ್ಯ ತೊಡಕು ಇರುವುದು ಮನೆಯಲ್ಲೇ. ಮಗ ಹೈಸ್ಕೂಲಿನಲ್ಲಿದ್ದಾಗ ತೆರೆದ ಖಾತೆಗೆ ಅಪ್ಪನ ಮೊಬೈಲ್ ಸಂಖ್ಯೆಯೇ ಅಂಟಿಕೊಂಡಿರುತ್ತದೆ. ಚಳಿಗಾಲದಲ್ಲಿ ಜರ್ಮನಿಯ ರಾತ್ರಿ 10 ಗಂಟೆ ಎಂದರೆ ಆಳಂದದಲ್ಲಿ ನಡುರಾತ್ರಿ ಎರಡೂವರೆ. ಕಾರ್ಡಿನ ಮಿತಿ ಬದಲಿಸಲು ಬೇಕಾದ ಒಟಿಪಿ ಅಪ್ಪನ ತಲೆದಿಂಬಿನ ಪಕ್ಕದಲ್ಲಿ ಬಂದು ಬೀಳುತ್ತದೆ. ಅಪ್ಪನಿಗೆ ಗಾಢ ನಿದ್ದೆ, ಹುಡುಗ ಬೀದಿಯಲ್ಲಿ. ಹೊರಡುವ ಮುನ್ನ ಶಾಖೆಗೆ ಹೋಗಿ ಮಗನ ಸಂಖ್ಯೆ ಸೇರಿಸಿ, ಆ ಸಿಮ್ ಅಲ್ಲಿಯೂ ಸಂದೇಶ ಪಡೆಯುವಂತೆ ಮಾಡಿಸಿದರೆ ಈ ಪೀಡೆ ತಪ್ಪುತ್ತದೆ. ಇನ್ನೊಂದು ಮಾತು: ರಿಸರ್ವ್ ಬ್ಯಾಂಕಿನ 2020ರ ಆದೇಶದಂತೆ ಹೊಸ ಕಾರ್ಡುಗಳು ಮೊದಲಿಗೆ ದೇಶದೊಳಗೆ ಮಾತ್ರ ನಡೆಯುತ್ತವೆ. ವಿದೇಶದ ಬಳಕೆಯನ್ನು ಗ್ರಾಹಕನೇ ಕೇಳಿ ತೆರೆಸಿಕೊಳ್ಳಬೇಕು. ಇದು ತಿಳಿಯದೆ, ಯಂತ್ರ ಕೆಟ್ಟಿದೆಯೆಂದು ಮಧ್ಯರಾತ್ರಿಯಲ್ಲಿ ಇನ್ನೊಂದು ಎಟಿಎಂ ಹುಡುಕುತ್ತಾ ಗುರುತಿಲ್ಲದ ಓಣಿಗಳಲ್ಲಿ ಅಲೆಯುವುದಿದೆಯಲ್ಲ, ಅಪಾಯ ಶುರುವಾಗುವುದು ಅಲ್ಲಿಂದ.

ಹಾಗೆಂದು ಕತ್ತಲೆಯೊಂದೇ ಶತ್ರುವಲ್ಲ. 2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿ ಎಟಿಎಂ ಕೋಣೆಯಲ್ಲಿ ಮಹಿಳೆಯೊಬ್ಬರ ಮೇಲೆ ಭೀಕರ ಹಲ್ಲೆ ನಡೆದದ್ದು ಬೆಳಗಿನ ಹೊತ್ತಿನಲ್ಲಿ. ಹಿಂದೆಯೇ ಒಳಹೊಕ್ಕವನು ಷಟರ್ ಎಳೆದಿದ್ದ. ಅವನು ಸಿಕ್ಕಿದ್ದು 2017ರಲ್ಲಿ. ಮುಚ್ಚಿದ ಕೋಣೆ, ಬೆನ್ನ ಹಿಂದೆ ಅಪರಿಚಿತ: ಭಯ ಬೀಳಬೇಕಾದ್ದು ಈ ಎರಡಕ್ಕೆ. ಪರಊರಿನಲ್ಲಿ ರಾತ್ರಿ ತೆಗೆಯಲೇಬೇಕಾದರೆ ವಿಮಾನ ನಿಲ್ದಾಣ, ದೊಡ್ಡ ರೈಲು ನಿಲ್ದಾಣಗಳ ಒಳಗೆ, ಜನರ ಕಣ್ಣೆದುರಿನ ಯಂತ್ರವೇ ಸರಿ. ಯಾರಾದರೂ ಮೈಮೇಲೆ ಬೀಳುವಂತೆ ನಿಂತರೆ ನಾಚಿಕೆ ಪಡದೆ ರದ್ದು ಮಾಡಿ, ಕಾರ್ಡು ತೆಗೆದುಕೊಂಡು ಹೊರಬರಬೇಕು. ಸಹಾಯಕ್ಕೆಂದು ಮುಂದೆ ಬರುವ ಕೈಗಂತೂ ಕಾರ್ಡು ಕೊಡಲೇಬಾರದು. ನೋಟುಗಳನ್ನು ಅಲ್ಲಿಯೇ ನಿಂತು ಎಣಿಸುವ ಚಟ ನಮ್ಮವರಲ್ಲಿ ಬಹಳ. ಅದನ್ನು ಕೋಣೆಗೆ ಬಂದು ಮಾಡಬಹುದು. ಯಂತ್ರ ಕಾರ್ಡನ್ನು ನುಂಗಿದರೆ ರಾತ್ರಿ ಕೇಳುವವರಿಲ್ಲ. ಹಗಲಿನಲ್ಲಿ, ತೆರೆದ ಶಾಖೆಗೆ ಹೊಂದಿಕೊಂಡ ಯಂತ್ರದಲ್ಲಾದರೆ ಒಳಗೆ ಹೋಗಿ ಕೇಳಬಹುದು.

ಪರದೆಯ ಮೇಲೆ ‘ರೂಪಾಯಿಯಲ್ಲಿ ಲೆಕ್ಕ ಹಾಕೋಣವೇ’ ಎಂಬ ಪ್ರಶ್ನೆ ಬರುವುದುಂಟು. ಊರಿನ ರೂಪಾಯಿ ಕಂಡ ಸಂತೋಷದಲ್ಲಿ ಹೌದೆಂದರೆ ಸಾಮಾನ್ಯವಾಗಿ ದರ ದುಬಾರಿಯಾಗುತ್ತದೆ. ಆ ದೇಶದ ನಾಣ್ಯದಲ್ಲೇ ಪಡೆಯಬೇಕು.

ಕೈಯಲ್ಲಿ ಸ್ವಲ್ಪ ನಗದು ಇರಲೇಬೇಕೆಂಬುದನ್ನು ಉಕ್ರೇನ್ ಯುದ್ಧ ಕಲಿಸಿತು. 2022ರ ಫೆಬ್ರವರಿ 24ರಂದು ದಾಳಿ ಶುರುವಾದೊಡನೆ ಎಟಿಎಂಗಳ ಮುಂದೆ ಉದ್ದನೆಯ ಸಾಲುಗಳು ನಿಂತವು. ಅಲ್ಲಿನ ಕೇಂದ್ರ ಬ್ಯಾಂಕು ದಿನಕ್ಕೆ 1 ಲಕ್ಷ ಹ್ರಿವ್ನಿಯಾಕ್ಕಿಂತ ಹೆಚ್ಚು ತೆಗೆಯದಂತೆ ಮಿತಿ ಹಾಕಿತು. ನಮ್ಮ ರಾಜ್ಯದ ವೈದ್ಯ ವಿದ್ಯಾರ್ಥಿಗಳೂ ಅಲ್ಲಿದ್ದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದದ್ದು ಆಹಾರ ತರಲು ಹೊರಬಿದ್ದಾಗ. ಅಂಥ ಗಳಿಗೆಯನ್ನು ಯಾವ ಮುನ್ನೆಚ್ಚರಿಕೆಯೂ ಪೂರ್ತಿ ತಡೆಯದು, ನಿಜ. ಆದರೂ ಒಂದು ವಾರದ ಖರ್ಚನ್ನು ಎರಡು ಕಡೆ ಬೇರೆ ಬೇರೆ ಇಟ್ಟುಕೊಂಡವನು ಹೊತ್ತಲ್ಲದ ಹೊತ್ತಿನಲ್ಲಿ ಎಟಿಎಂಗೆ ಓಡಬೇಕಾಗುವುದಿಲ್ಲ. ಎರಡನೆಯ ಕಾರ್ಡೊಂದಿದ್ದರೆ ಅದೂ ಮೊದಲನೆಯದರ ಜೊತೆ ಒಂದೇ ಪಾಕೀಟಿನಲ್ಲಿ ಬೇಡ.

ಕಾರ್ಡು ಕಳೆದರೆ ಬೆಳಗಾಗಲೆಂದು ಕಾಯಬಾರದು. ಪಿನ್ ಬೇರೆಯವರಿಗೆ ಹೇಳಿ ಕೆಟ್ಟವರು, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವನ್ನು ತಾವೇ ಹೊರಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ. ಆದರೆ 1800ರಿಂದ ಆರಂಭವಾಗುವ ಉಚಿತ ಸಂಖ್ಯೆಗಳು ಹೊರದೇಶದಿಂದ ಸಾಮಾನ್ಯವಾಗಿ ತಗಲುವುದಿಲ್ಲ. +91 ಇರುವ ಸಂಖ್ಯೆಯನ್ನು ಬ್ಯಾಂಕಿನಲ್ಲಿ ಕೇಳಿ ಪಡೆದು ಕಾಗದದ ಮೇಲೆ ಬರೆದುಕೊಳ್ಳಬೇಕು. ಮೊಬೈಲಿನಲ್ಲಿದ್ದರೆ ಸಾಲದು, ಕಾರ್ಡಿನ ಜೊತೆ ಮೊಬೈಲೂ ಹೋಗುವುದೇ ಹೆಚ್ಚು. ಅದರದೊಂದು ಪ್ರತಿ ಮಗನ ಪಾಸ್‌ಪೋರ್ಟಿನೊಳಗಿರಲಿ, ಇನ್ನೊಂದು ಊರಿನ ಮನೆಯ ಗೋಡೆಯ ಕ್ಯಾಲೆಂಡರಿನ ಪಕ್ಕ, ಅವ್ವನ ಕಣ್ಣಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.