ಮೊಣಕಾಲು ಹೋದರೂ ಸೀಟು ಉಳಿಯುತ್ತದಾ?

ಕಳೆದ ತಿಂಗಳು ರಾತ್ರಿ ಶಿಫ್ಟಿಗೆ ಹೊರಡುವ ಹೊತ್ತಿಗೆ ಅಕ್ಕನ ಮಗನ ಫೋನು ಬಂತು. "ಮಾಮ, ಕಾಲೇಜಿನವರು ಮ್ಯಾಚ್ ನೋಡಲಿಕ್ಕೆ ಬಂದಿದ್ದರು. ನನ್ನನ್ನು ತಗೊಳ್ತಾರಂತೆ. ಎಲ್ಲ ಫ್ರೀ ಅಂತೆ!" ಹುಡುಗ ಸೇಲಂನಲ್ಲಿ ಹನ್ನೆರಡನೇ ತರಗತಿ, ಶಾಲೆಯ ವಾಲಿಬಾಲ್ ತಂಡದ ಸ್ಪೈಕರ್. ಹಿಂದೆಯೇ ಅಕ್ಕ ಫೋನ್ ಹಿಡಿದು ಅತ್ತಳು, ಸಂತೋಷಕ್ಕೆ. ನಾನೂ ಸಂತೋಷಪಟ್ಟೆ. ಆದರೆ ಫೋನ್ ಇಟ್ಟ ಮೇಲೆ ನನ್ನ ಬಲ ಮೊಣಕಾಲು ನೆನಪಾಯಿತು.

ನಮ್ಮ ಬಾಪ ಬಂಟ್ವಾಳ ಕಡೆಯಿಂದ ಧರ್ಮಪುರಿಗೆ ಬಂದು ಫ್ಯಾನ್ಸಿ ಅಂಗಡಿ ಹಾಕಿದವರು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತಮಿಳು, ಊರಿನ ಕಾಗದಪತ್ರಕ್ಕೆ ಕನ್ನಡ, ಹೀಗೆ ಬೆಳೆದವರು ನಾವು. ಹತ್ತನೇ ಕ್ಲಾಸು ಮುಗಿದಾಗ ನನಗೂ ಇಂಥದ್ದೇ ಕರೆ ಬಂದಿತ್ತು. ತೊಪ್ಪೂರು ಘಾಟಿ ಇಳಿದು ಆಚೆಗಿದ್ದ ಒಂದು ಪಾಲಿಟೆಕ್ನಿಕ್. "ಮೆಕ್ಯಾನಿಕಲ್ ಸೀಟು ಕೊಡ್ತೇವೆ, ಫೀಸು ಬೇಡ, ನಮ್ಮ ತಂಡಕ್ಕೆ ಆಡಿದರೆ ಸಾಕು" ಎಂದರು. ಬಾಪ ಕೈಕುಲುಕಿ, ಬಂದವರಿಗೆ ಚಹಾ ಕುಡಿಸಿ ಕಳಿಸಿದರು. ಕಾಗದ ಯಾರೂ ಕೊಡಲಿಲ್ಲ, ನಾವೂ ಕೇಳಲಿಲ್ಲ.

ಎರಡನೇ ವರ್ಷ ಒಂದು ಪಂದ್ಯದಲ್ಲಿ ಹಾರಿ ಇಳಿಯುವಾಗ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮೊದಲ ವಾರ ಎಲ್ಲರೂ ಬಂದು ನೋಡಿದರು. ಮೂರನೇ ವರ್ಷದ ಆರಂಭದಲ್ಲಿ ಆಫೀಸಿನಿಂದ ಚೀಟಿ ಬಂತು: ಫೀಸು ಕಟ್ಟಬೇಕು. ತರಬೇತುದಾರರು ಕೆಲಸ ಬಿಟ್ಟು ಹೋಗಿದ್ದರು, ಹೊಸಬರಿಗೆ ನನ್ನ ಹೆಸರೇ ಗೊತ್ತಿರಲಿಲ್ಲ. ಅಂಗಡಿಗೆ ಹೊಸ ಸಾಮಾನು ತರಲಿಕ್ಕೆ ಬಾಪ ಕಟ್ಟುತ್ತಿದ್ದ ಚೀಟಿ ಹಣವನ್ನು ನಷ್ಟಕ್ಕೆ ಎತ್ತಿ ನನ್ನ ಫೀಸು ಕಟ್ಟಿದರು. ಒಂದು ಮಾತು ಬೈಯಲಿಲ್ಲ. "ತಪ್ಪು ನನ್ನದು. ಹತ್ತು ರೂಪಾಯಿ ಕಡ ಕೊಟ್ಟರೂ ಬರೆದಿಡುವವನು, ಮಗನ ವಿಷಯದಲ್ಲಿ ಬರೆಸಿಕೊಳ್ಳಲಿಲ್ಲ" ಎಂದರು.

ಇದನ್ನು ಹೇಳುವುದು ಮಕ್ಕಳನ್ನು ಆಟಕ್ಕೆ ಕಳಿಸಬೇಡಿ ಎನ್ನಲಿಕ್ಕಲ್ಲ. ಆ ಮಾತು ನಮ್ಮ ಮನೆಗಳಲ್ಲಿ ಈಗಾಗಲೇ ಬೇಕಾದಷ್ಟು ಇದೆ. "ಆಟ ಹೊಟ್ಟೆ ತುಂಬಿಸುತ್ತದಾ, ಅಂಗಡಿಯಲ್ಲಿ ಕೂತುಕೋ" ಎಂದು ಕೇಳಿಸಿಕೊಳ್ಳದ ಬ್ಯಾರಿ ಹುಡುಗ ಕಡಿಮೆ. ಹುಡುಗಿಯರಿಗಂತೂ ಅಷ್ಟು ಕೂಡ ಹೇಳುವುದಿಲ್ಲ, ಹೈಸ್ಕೂಲಿಗೆ ಬರುವಷ್ಟರಲ್ಲಿ ಆಟವೇ ನಿಂತಿರುತ್ತದೆ. ನಾನು ಹೇಳುವುದು ಬೇರೆ: ಕಳಿಸಿ, ಆದರೆ ಬರೆಸಿಕೊಂಡು ಕಳಿಸಿ.

ನಾನಿರುವ ಸೇಲಂ ಜಿಲ್ಲೆಯನ್ನೇ ನೋಡಿ. ಚಿನ್ನಪ್ಪಂಪಟ್ಟಿಯ ನಟರಾಜನ್ ಇಪ್ಪತ್ತರ ಹತ್ತಿರದವರೆಗೂ ಟೆನಿಸ್ ಬಾಲ್ ಕ್ರಿಕೆಟ್ ಆಡಿದವರು. ತಾಯಿ ರಸ್ತೆ ಬದಿಯಲ್ಲಿ ಕೋಳಿ ಪದಾರ್ಥದ ಅಂಗಡಿ ಇಟ್ಟಿದ್ದರು. 2015ರಲ್ಲಿ ಮೊದಲ ರಣಜಿ ಪಂದ್ಯ ಆಡಿದಾಗಲೇ ಬೌಲಿಂಗ್ ಶೈಲಿ ಸರಿಯಿಲ್ಲವೆಂದು ದೂರು ಬಂತು. ಅಲ್ಲಿಗೆ ಮುಗಿಯಿತು ಎಂದು ಎಷ್ಟೋ ಜನ ಅಂದುಕೊಂಡಿರಬಹುದು. ಆದರೆ ಅದೇ ಊರಿನ ಜಯಪ್ರಕಾಶ್, ಅವರನ್ನು ಮೊದಲು ಗುರುತಿಸಿದವರು, ಕೈ ಬಿಡಲಿಲ್ಲ. ಶೈಲಿ ತಿದ್ದಿಕೊಂಡು ಬಂದ ನಟರಾಜನ್ 2017ರಲ್ಲಿ ಪಂಜಾಬ್ ತಂಡಕ್ಕೆ 3 ಕೋಟಿಗೆ ಹೋದರು. 2020ರ ಡಿಸೆಂಬರಿನಿಂದ 2021ರ ಜನವರಿಯೊಳಗೆ, ಆಸ್ಟ್ರೇಲಿಯಾದ ಒಂದೇ ಪ್ರವಾಸದಲ್ಲಿ, ಭಾರತಕ್ಕೆ ಏಕದಿನ, ಟಿ20, ಟೆಸ್ಟ್ ಮೂರೂ ಆಡಿದರು.

ಇದೇ ಜಿಲ್ಲೆಯ ಪೆರಿಯವಡಗಂಪಟ್ಟಿಯ ಮಾರಿಯಪ್ಪನ್ ತಂಗವೇಲು ಐದು ವರ್ಷದವನಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಬಸ್ಸು ಬಲಗಾಲಿನ ಮೇಲೆ ಹರಿಯಿತು. ತರಕಾರಿ ಮಾರುತ್ತಿದ್ದ ತಾಯಿ ಸಾಲ ಮಾಡಿ ಚಿಕಿತ್ಸೆ ಕೊಡಿಸಿದರು. ಶಾಲೆಯ ಪಿಟಿ ಮೇಷ್ಟ್ರು ಹುಡುಗನನ್ನು ಎತ್ತರ ಜಿಗಿತಕ್ಕೆ ಹಚ್ಚಿದರು. ಮುಂದೆ ತರಬೇತುದಾರ ಸತ್ಯನಾರಾಯಣ ಅವರನ್ನು ಕಂಡು ಬೆಂಗಳೂರಿಗೆ ಕರೆಸಿ ತಯಾರು ಮಾಡಿದರು. 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ 1.89 ಮೀಟರ್ ಹಾರಿ ಚಿನ್ನ, ಆಮೇಲೆ ಟೋಕಿಯೊದಲ್ಲಿ ಬೆಳ್ಳಿ, ಪ್ಯಾರಿಸಿನಲ್ಲಿ ಕಂಚು.

ಇಬ್ಬರ ಕಥೆಯಲ್ಲೂ ಒಂದು ಸಾಮ್ಯ ಇದೆ. ಹುಡುಗ ಚೆನ್ನಾಗಿ ಆಡುವಾಗ ಗುರುತಿಸುವುದು ದೊಡ್ಡ ಕೆಲಸವಲ್ಲ. ದೇಹ ಕೈಕೊಟ್ಟಾಗ, ದೂರು ಬಂದಾಗ ಜೊತೆಗೆ ನಿಂತವರು ಇದ್ದರು, ಅದು ದೊಡ್ಡದು. ಆದರೆ ಎಲ್ಲ ಹುಡುಗರಿಗೂ ಜಯಪ್ರಕಾಶ್ ಸಿಗುವುದಿಲ್ಲ. ಸಿಗದವರಿಗೆ ಕಾಗದವಾದರೂ ಬೇಕು.

ಇದು ನಮ್ಮ ಕಡೆಯ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಹುಚ್ಚು. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹೈಸ್ಕೂಲಿನ ಹುಡುಗರಿಗೆ ಐದು ಸ್ಟಾರಿನವರೆಗೆ ರೇಟಿಂಗ್ ಕೊಡುತ್ತಾರೆ. ಯಾವ ಹುಡುಗ ಯಾವ ಕಾಲೇಜಿಗೆ ಸಹಿ ಹಾಕುತ್ತಾನೆ ಎಂದು ಊರಿಗೆ ಊರೇ ಕಾಯುತ್ತದೆ. ಅಂಥಲ್ಲೂ 1973ರಿಂದ ಸ್ಕಾಲರ್‌ಶಿಪ್ ಒಂದೊಂದೇ ವರ್ಷದ್ದಾಗಿತ್ತು. ಹುಡುಗ ಪೆಟ್ಟು ತಿಂದರೆ, ಆಟ ಮಂಕಾದರೆ ಮರುವರ್ಷ ಕೊಡದಿರಬಹುದಿತ್ತು. 2012ರಲ್ಲಿ ಒಂದಕ್ಕಿಂತ ಹೆಚ್ಚು ವರ್ಷಕ್ಕೆ ಬರೆದುಕೊಡಲು ಅವಕಾಶವಾಯಿತು. 2015ರಲ್ಲಿ ದೊಡ್ಡ ಐದು ಲೀಗುಗಳ ಕಾಲೇಜುಗಳು, ಆಟದ ಕಾರಣಕ್ಕೆ ಸ್ಕಾಲರ್‌ಶಿಪ್ ಕಿತ್ತುಕೊಳ್ಳುವಂತಿಲ್ಲ ಎಂದು ನಿಯಮ ಮಾಡಿಕೊಂಡವು. ಅಷ್ಟು ಹಣ ಇರುವ ಕಡೆಯೇ ಈ ಒಂದು ಸಾಲು ಬರೆಯಲಿಕ್ಕೆ ನಲವತ್ತು ವರ್ಷ ದಾಟಿತು. ಕೇಳದೆ ಯಾರೂ ಕೊಡುವುದಿಲ್ಲ.

ನಮ್ಮಲ್ಲಿ ಎರಡು ದಾರಿ ಇವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದು ಸರ್ಕಾರದ ಕ್ರೀಡಾ ಕೋಟಾ. ತಮಿಳುನಾಡಿನ ಎಂಜಿನಿಯರಿಂಗ್ ಕೌನ್ಸೆಲಿಂಗಿನಲ್ಲಿ ಕ್ರೀಡಾಪಟುಗಳಿಗೆ 500 ಸೀಟು ಇದೆ. ಸರ್ಟಿಫಿಕೇಟಿನ ಮೇಲೆ ಅಂಕ, ಅಂಕದ ಮೇಲೆ ಸೀಟು. ಅದು ಮಗುವಿನ ಹಕ್ಕು, ಮೊಣಕಾಲು ಹೋದರೂ ಸೀಟು ಹೋಗುವುದಿಲ್ಲ. ಇನ್ನೊಂದು ಕಾಲೇಜು ತಾನಾಗಿ ಕೊಡುವ ಆಫರ್. ಮೂಡುಬಿದಿರೆಯ ಆಳ್ವಾಸ್‌ನವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಳ್ಳುವುದು ನಮಗೆಲ್ಲ ಗೊತ್ತು. ಚೆನ್ನೈ, ಸೇಲಂ ಕಡೆಯ ಖಾಸಗಿ ಕಾಲೇಜುಗಳೂ ಆಟಗಾರರನ್ನು ಹುಡುಕಿಕೊಂಡು ಬರುತ್ತವೆ. ಇದು ಒಳ್ಳೆಯದೇ. ಎಷ್ಟೋ ಬಡ ಮಕ್ಕಳು ಇದರಿಂದಲೇ ಓದಿದ್ದಾರೆ. ಆದರೆ ಇದು ಒಪ್ಪಂದ, ಒಪ್ಪಂದಕ್ಕೆ ಕಾಗದ ಬೇಕು. ಆಫರ್ ಬಂದ ಮನೆಯವರು ಇಷ್ಟು ಕೇಳಿ:

1. "ಫ್ರೀ" ಅಂದರೆ ಯಾವುದು? ಟ್ಯೂಷನ್ ಫೀಸು ಮಾತ್ರವಾ, ಹಾಸ್ಟೆಲ್, ಮೆಸ್, ಪರೀಕ್ಷೆ ಫೀಸೂ ಸೇರಿದೆಯಾ?

2. ಎಷ್ಟು ವರ್ಷ? ಪೆಟ್ಟಾಗಿ ಆಡಲಾಗದಿದ್ದರೆ ಕೋರ್ಸು ಮುಗಿಯುವವರೆಗೆ ಇರುತ್ತದಾ?

3. ಪಂದ್ಯದಲ್ಲಿ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಇನ್ಶೂರೆನ್ಸ್ ಇದೆಯಾ?

4. ಬ್ರಾಂಚ್ ಆರಿಸುವುದು ಹುಡುಗನಾ, ತರಬೇತುದಾರರಾ? ಟೂರ್ನಮೆಂಟಿಗೆ ಹೋದ ದಿನಗಳ ಹಾಜರಿ, ತಪ್ಪಿದ ಪರೀಕ್ಷೆ ಏನಾಗುತ್ತದೆ?

5. ಮಧ್ಯದಲ್ಲಿ ಬಿಡಬೇಕಾದರೆ ಏನು ಕಟ್ಟಬೇಕು? ಒರಿಜಿನಲ್ ಸರ್ಟಿಫಿಕೇಟುಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ. ತೋರಿಸಿ, ನಕಲು ಕೊಟ್ಟು, ಒರಿಜಿನಲ್ ಮನೆಗೆ ತನ್ನಿ.

ಉತ್ತರ ಬಾಯಲ್ಲಿ ಬೇಡ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಪ್ರಿನ್ಸಿಪಾಲರ ಸಹಿ, ಸೀಲಿನೊಂದಿಗೆ ಬೇಕು. ತರಬೇತುದಾರರು ಎಷ್ಟೇ ಒಳ್ಳೆಯವರಿರಲಿ, ಅವರು ನಾಳೆ ಬೇರೆ ಕಾಲೇಜಿಗೆ ಹೋಗಬಹುದು. ಲೆಟರ್ ಹೋಗುವುದಿಲ್ಲ.

"ಹಾಗೆಲ್ಲ ಕೇಳಿದರೆ ಸೀಟು ಕೊಡದೆ ಹೋದರೆ?" ಎಂದು ಅಕ್ಕ ಹೆದರಿದಳು. ಅದು ನಿಜವಾದ ಹೆದರಿಕೆ, ನಗುವಂಥದ್ದಲ್ಲ. ಹಿಂದೆ ಇನ್ನೂ ಹತ್ತು ಹುಡುಗರು ಕಾಯುತ್ತಿರುತ್ತಾರೆ. ಆದರೆ ನಾನು ಮೆಷಿನ್ ಮೇಂಟೆನೆನ್ಸ್ ಕೆಲಸದವನು. ಕಾರ್ಖಾನೆಗೆ ಒಂದು ಮೋಟಾರು ತರುವಾಗಲೂ ವಾರಂಟಿ ಕೇಳುತ್ತೇವೆ, ಕೇಳಿದ್ದಕ್ಕೆ ಯಾವ ಒಳ್ಳೆಯ ಕಂಪನಿಯೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಮೋಟಾರಿನ ಬಗ್ಗೆ ಅಲ್ಲೇ ಗೊತ್ತಾಗುತ್ತದೆ. ಹದಿನೇಳು ವರ್ಷದ ಹುಡುಗನ ಮೊಣಕಾಲು ಮೋಟಾರಿಗಿಂತ ಕಡೆಯಾ?

ಅಕ್ಕ, ಭಾವ, ನಾನು ಮೂವರೂ ಹೋಗಿ ಕೇಳಿದೆವು. ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿ ಕೂತಿದ್ದ. ಅವರು ಸಿಟ್ಟಾಗಲಿಲ್ಲ. ಎರಡು ವಿಷಯಕ್ಕೆ ಒಪ್ಪಿ ಬರೆದುಕೊಟ್ಟಿದ್ದಾರೆ. ಪೆಟ್ಟಾದರೆ ಏನು ಎಂಬುದಕ್ಕೆ "ಮ್ಯಾನೇಜ್‌ಮೆಂಟಿನಲ್ಲಿ ಕೇಳಿ ಹೇಳ್ತೇವೆ" ಎಂದಿದ್ದಾರೆ. ಅದು ಬರುವವರೆಗೆ ಸರ್ಟಿಫಿಕೇಟು ಕೊಡುವುದಿಲ್ಲ ಎಂದು ನಾವೂ ಹೇಳಿ ಬಂದಿದ್ದೇವೆ. ಜೊತೆಗೆ ಕೌನ್ಸೆಲಿಂಗಿನ ಕ್ರೀಡಾ ಕೋಟಾಕ್ಕೂ ಅರ್ಜಿ ಹಾಕಿಸುತ್ತಿದ್ದೇವೆ.

ಬಾಪನಿಗೆ ಈಗ ವಯಸ್ಸಾಗಿದೆ, ಅಂಗಡಿಗೆ ಬೆಳಿಗ್ಗೆ ಮಾತ್ರ ಹೋಗುತ್ತಾರೆ. ಆ ಲೆಟರನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿ ಎರಡು ಸಲ ಓದಿ, ಮಡಚಿ, ಕಡದ ಪುಸ್ತಕದ ಒಳಗೆ ಇಟ್ಟುಕೊಂಡರು.