ಅಟ್ಟದ ಮೇಲಿನ ಬೀಡಿನ ಕಾವಲಿ

ಹಳೆಯ ಕಬ್ಬಿಣ ಕೊಡಿ, ಹೊಸ ಪಾತ್ರೆ ಕೊಳ್ಳಿ ಎಂದು ಕೂಗುತ್ತ ಬರುವ ಗಾಡಿಗೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮನೆಗಳು ತಮ್ಮ ಬೀಡಿನ ಕಾವಲಿಗಳನ್ನೂ ಪಡ್ಡಿನ ಹಂಚುಗಳನ್ನೂ ತೂಗಿ ಕೊಡುತ್ತಿವೆ. ಸಿಗುವುದು ಗುಜರಿಯ ಬೆಲೆ. ಬದಲಿಗೆ ಒಳಬರುವುದು ಕಪ್ಪು ಲೇಪದ ಹಗುರವಾದ ಅಲ್ಯೂಮಿನಿಯಂ ತವೆ. ಪರಿಸರ ಪತ್ರಿಕೆಯಲ್ಲಿ ದೋಸೆ ಕಾವಲಿಯ ಪ್ರಸ್ತಾಪವೇಕೆ, ಗಣಿ, ಅಣೆಕಟ್ಟು, ಕಾಡ್ಗಿಚ್ಚುಗಳ ವಿಷಯ ಮುಗಿಯಿತೆ ಎಂದು ಕೆಲವು ಮಿತ್ರರು ಕೇಳಿಯಾರು. ಗಣಿಯ ವಿಷಯ ಮುಗಿಯದಿರುವುದರಿಂದಲೇ ಕಾವಲಿಯ ವಿಷಯವನ್ನು ಎತ್ತುತ್ತಿದ್ದೇನೆ.

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಇಂದು ಪ್ರವಾಸಿಗರ ಗಿರಿಧಾಮ. ಹೆಸರೇ ಹೇಳುವಂತೆ ಅದು ಕೆಂಪು ಮಣ್ಣಿನ, ಕಬ್ಬಿಣದ ಅದಿರಿನ ಗುಡ್ಡ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಭದ್ರಾವತಿಯಲ್ಲಿ ಸ್ಥಾಪನೆಗೊಂಡು 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಇಲ್ಲಿಂದ. ಆಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂದೇ ಹೆಸರು. ಅದಿರು ಹಗ್ಗದಾರಿಯಲ್ಲಿ ಗುಡ್ಡವಿಳಿದು ಟ್ರಾಮ್ ಹಳಿಯ ಮೇಲೆ ಸಾಗುತ್ತಿತ್ತು. ಅದನ್ನು ಕರಗಿಸಲು ಕಲ್ಲಿದ್ದಲಿರಲಿಲ್ಲ. ಕುಲುಮೆ ಉರಿದದ್ದು ಮಲೆನಾಡಿನ ಮರಗಳ ಇದ್ದಿಲಿನಿಂದ. ಗುಡ್ಡದ ನೆತ್ತಿ ಮತ್ತು ಇಳಿಜಾರಿನ ಕಾಡು ಎರಡೂ ಸೇರಿ ಬೀಡು ಕಬ್ಬಿಣವಾಯಿತು. ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಆ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು, ಕಾರ್ಮಿಕರು ಬೀದಿಗಿಳಿದರು. ಕುದುರೆಮುಖದಲ್ಲಿ ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತದ್ದು ನಮ್ಮ ಓದುಗರಿಗೆ ತಿಳಿದೇ ಇದೆ. ಗುಡ್ಡವನ್ನು ಅಗೆಯಬಾರದೆಂದು ಮೆರವಣಿಗೆ ಹೋಗುವ ನಾವು, ಅಗೆದಾದ ಗುಡ್ಡದ ಫಲವಾಗಿ ಮನೆಯಲ್ಲಿ ಕುಳಿತಿರುವ ಲೋಹವನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ?

ಬೀಡಿನಲ್ಲಿ ಶೇಕಡಾ 2ಕ್ಕಿಂತ ಹೆಚ್ಚು ಇಂಗಾಲವಿರುತ್ತದೆ. ಅದರಿಂದಲೇ ಅದು ಸುಲಭವಾಗಿ ಕರಗಿ ಅಚ್ಚಿಗೆ ಹರಿಯುತ್ತದೆ, ಅದರಿಂದಲೇ ಪೆಡಸು. ಕಾದ ಕಾವಲಿಗೆ ತಣ್ಣೀರು ಸುರಿದರೆ ಸೀಳುತ್ತದೆ. ಆದರೆ ತುಕ್ಕು ಹಿಡಿದ ಮಾತ್ರಕ್ಕೆ ಕೆಡುವುದಿಲ್ಲ. ಅಟ್ಟದಲ್ಲಿ ಇಪ್ಪತ್ತು ವರ್ಷ ಮಲಗಿದ್ದ ಕಾವಲಿಯ ಕೆಂಪು ಪದರವು ಬಹುಪಾಲು ಮೇಲ್ಮೈಗೆ ಸೀಮಿತ. ತೆಂಗಿನ ನಾರಿನಿಂದ, ಬೂದಿಯಿಂದ ತಿಕ್ಕಬೇಕು. ಹಟಮಾರಿ ತುಕ್ಕಿಗೆ ಹುಣಸೆ ನೀರು ಸವರಿ ಅರ್ಧ ಗಂಟೆ ಬಿಡಬಹುದು. ರಾತ್ರಿಯಿಡೀ ಬಿಟ್ಟರೆ ಹುಳಿಯು ತುಕ್ಕಿನೊಂದಿಗೆ ಕಬ್ಬಿಣವನ್ನೂ ತಿನ್ನುತ್ತದೆ. ನಮ್ಮ ಅಜ್ಜಿಯಂದಿರು ಎರಡು ಮೂರು ದಿನ ಗಂಜಿಯಲ್ಲಿ ನೆನೆಹಾಕಿ ದಿನವೂ ಗಂಜಿ ಬದಲಿಸುತ್ತಿದ್ದರಲ್ಲ, ಅದೂ ಒಳ್ಳೆಯ ಕ್ರಮವೇ: ಹುಳಿಬಂದ ಗಂಜಿಯ ಮೆಲು ಆಮ್ಲ ನಿಧಾನವಾಗಿ ಕೆಲಸ ಮಾಡುತ್ತದೆ. ತೊಳೆದೊಡನೆ ಒಲೆಯ ಮೇಲಿಟ್ಟು ಒಣಗಿಸಬೇಕು. ಧಗಧಗಿಸುವ ಬೆಂಕಿಗೆ ಎಸೆದು ತುಕ್ಕು ಸುಡುವ ಸುಲಭದ ದಾರಿಯನ್ನು ಕೆಲವರು ಹೇಳುವುದುಂಟು. ಅದು ಕಾವಲಿಯನ್ನು ಡೊಂಕಾಗಿಸುವ ದಾರಿ.

ಇನ್ನು ಪಳಗಿಸುವುದು. ಕಾವಲಿಯ ಮೇಲಿನ ಆ ಕಪ್ಪು ಹೊಳಪು ಜಿಡ್ಡಲ್ಲ, ಮಸಿಯೂ ಅಲ್ಲ. ಎಣ್ಣೆಯ ಕೊಬ್ಬಿನಾಮ್ಲಗಳು ಬಿಸಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ, ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಪೊರೆ ಅದು. ಬಾಗಿಲಿಗೆ ಹಚ್ಚುವ ಅಗಸೆ ಎಣ್ಣೆಯ ಬಣ್ಣ ಒಣಗುವುದೂ ಇದೇ ರೀತಿಯಲ್ಲಿ. ಆದ್ದರಿಂದ ಎಲ್ಲ ಎಣ್ಣೆಯೂ ಆಗದು. ತೆಂಗು ಬೆಳೆಯುವ ನಮ್ಮ ಸೀಮೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ. ಅದರ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು. ಪೊರೆಗಟ್ಟಲು ಒಲ್ಲದು, ಅಂಟಂಟಾಗಿ ಉಳಿಯುತ್ತದೆ. ಅಗಸೆ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಆದರೆ ಚಕ್ಕೆಯೇಳುವ ಸ್ವಭಾವ. ನನ್ನ ಮತ ಹುಚ್ಚೆಳ್ಳೆಣ್ಣೆಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲಿನೋಲೆಯಿಕ್ ಆಮ್ಲ, ಹೆಣೆದುಕೊಳ್ಳುವ ಗುಣವುಳ್ಳದ್ದು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಳದಿ ಹೂ ಬಿಡುತ್ತಿದ್ದ ಆ ಗಿಡಕ್ಕೆ ಕಾಯಿ ಕಟ್ಟಲು ಜೇನ್ನೊಣ ಬೇಕೇ ಬೇಕು. ತನ್ನ ಪರಾಗ ತನಗೆ ಒಗ್ಗದ ಜಾತಿ ಅದು. ಒಂದು ಸಾಲು ಹುಚ್ಚೆಳ್ಳು ಬಿತ್ತಿದ ರೈತನು ಕಾವಲಿಗೂ ಜೇನಿಗೂ ಒಟ್ಟಿಗೆ ಬಿತ್ತಿದಂತೆ. ಎಣ್ಣೆಯನ್ನು ಹಚ್ಚಿ, ಹಚ್ಚಿದ್ದನ್ನೆಲ್ಲ ಒರೆಸಿಬಿಡಬೇಕು. ಕಣ್ಣಿಗೆ ಕಾಣದಷ್ಟು ಉಳಿದರೆ ಸಾಕು. ಹೊಗೆಯೆದ್ದು ಅಡಗುವವರೆಗೆ ಕಾಯಿಸಿ, ಆರಲು ಬಿಟ್ಟು, ಮತ್ತೆ ಹಚ್ಚಬೇಕು. ಐದಾರು ಬಾರಿ. ಅನಂತರ ಅಜ್ಜಂಪುರದ ಈರುಳ್ಳಿಯನ್ನು ಹೋಳು ಮಾಡಿ ಉಜ್ಜುವುದು ಎಲ್ಲರೂ ಬಲ್ಲ ವಿಚಾರ.

ಕಪ್ಪು ಲೇಪದ ತವೆ ವಿಷದ ಬಟ್ಟಲು ಎಂದು ನಾನು ಹೇಳುವುದಿಲ್ಲ. ಮಿತವಾದ ಬಿಸಿಯಲ್ಲಿ ಆ ಲೇಪ ತಟಸ್ಥ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕೆಡಲಾರಂಭಿಸುತ್ತದೆ, ಬರಿದಾದ ತವೆಯನ್ನು ಉರಿಯ ಮೇಲೆ ಮರೆತರೆ ಆ ಮಟ್ಟ ದೂರವೇನಲ್ಲ. ದೊಡ್ಡ ಪ್ರಶ್ನೆ ಇರುವುದು ಅದು ಹುಟ್ಟುವ ಊರಿನಲ್ಲಿ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಇಂತಹ ಲೇಪ ತಯಾರಿಸುವ ಕಾರ್ಖಾನೆಯ ತ್ಯಾಜ್ಯದ ಹಳ್ಳದಲ್ಲಿ ನೀರು ಕುಡಿದ ತನ್ನ ದನಗಳು ಸಾಯುತ್ತಿವೆಯೆಂದು ಒಬ್ಬ ರೈತನು 1999ರಲ್ಲಿ ನ್ಯಾಯಾಲಯಕ್ಕೆ ಹೋದಾಗ ಆ ಕಥೆ ಹೊರಬಂತು. ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕವು ಮಣ್ಣಿನಲ್ಲಿ, ನೀರಿನಲ್ಲಿ, ರಕ್ತದಲ್ಲಿ ಕೊಳೆಯದೆ ಉಳಿಯುವಂಥದ್ದು. 2019ರಲ್ಲಿ ಸ್ಟಾಕ್‌ಹೋಂ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಅಮೃತಮಹಲ್ ಕಾವಲುಗಳ ಪಕ್ಕದಲ್ಲಿ ಬದುಕುವ ನಮಗೆ ದನಗಾರನ ಆ ಸಂಕಟ ಪರಕೀಯವಲ್ಲ. ಲೇಪ ಸುಲಿದ ತವೆಗೆ ನಮ್ಮೂರಲ್ಲಿ ಮರುಜನ್ಮವೂ ಇಲ್ಲ.

ರಕ್ತಹೀನತೆಯ ಮಾತೂ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಹುಳಿ ಪದಾರ್ಥಕ್ಕೆ ಕಬ್ಬಿಣ ಇಳಿಯುವುದು ನಿಜ. ಆದರೆ ಅದೇ ಹುಳಿ ಪಳಗಿದ ಪೊರೆಯನ್ನು ಕಿತ್ತುಹಾಕುತ್ತದೆ. ದೋಸೆಗೊಂದು ಕಾವಲಿ, ಗೊಜ್ಜಿಗೆ ಬೇರೊಂದು ಬಾಣಲೆ ಇಟ್ಟುಕೊಳ್ಳುವುದು ವಿವೇಕ. ಆರೋಗ್ಯ ಕಾರ್ಯಕರ್ತೆ ಕೊಡುವ ಮಾತ್ರೆಗೆ ಬಾಣಲೆ ಬದಲಿಯಲ್ಲ.

ಈ ತಿಕ್ಕುವ ಕೆಲಸ ಯಾರದು? ಇದು ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ. ಬೀಡಿನ ಕಾವಲಿ ಭಾರ, ಮುಂಗೈ ನೋಯುತ್ತದೆ. ಹಗುರ ತವೆಯನ್ನು ಆರಿಸಿಕೊಂಡ ಗೃಹಿಣಿ ಅಜ್ಞಾನಿಯಲ್ಲ, ದಣಿದವಳು. ಪರಿಸರದ ಹೆಸರಿನಲ್ಲಿ ಅವಳ ಮೇಲೆ ಇನ್ನೊಂದು ಹೊರೆ ಹೇರಿ ನಾವು ಭಾಷಣ ಮಾಡುವುದು ಬೇಡ. ರಜೆಗೆ ಬಂದ ಹುಡುಗರು ತಿಕ್ಕಲಿ. ಶಾಲೆಯ ಇಕೋ ಕ್ಲಬ್ಬುಗಳು ಜೂನ್‌ನಲ್ಲಿ ಸಸಿ ನೆಟ್ಟು ಫೋಟೋ ತೆಗೆಸಿಕೊಂಡು ಮಲಗುವ ಬದಲು ಊರಿಗೆ ಹತ್ತು ಕಾವಲಿಯನ್ನು ಪಳಗಿಸಿ ಕೊಡಲಿ.

ಕಾವಲಿ ಆರುವ ಹೊತ್ತಿಗೆ ಸೂಜಿ ಹಿಡಿಯಬಹುದು ಎಂದರೆ ನಗಬೇಡಿ. ನಮ್ಮ ಕಡೆಯ ಹಲವು ಹಳೆಯ ಮನೆಗಳಲ್ಲಿ ಮ್ಯಾಟಿ ಬಟ್ಟೆಯ ಮೇಲೆ ಕ್ರಾಸ್ ಸ್ಟಿಚ್‌ನಲ್ಲಿ ಹಾಕಿದ ಗಿಳಿ, ಹೂಬುಟ್ಟಿಗಳು ಗಾಜಿನ ಚೌಕಟ್ಟಿನೊಳಗೆ ಮಾಸುತ್ತಿವೆ. ಅದನ್ನು ಪರದೇಶದ ಹವ್ಯಾಸವೆನ್ನುವವರು ಧಾರವಾಡದ ಕಸೂತಿಯ ನಾಲ್ಕು ಹೊಲಿಗೆಗಳಾದ ಗವಂತಿ, ಮುರ್ಗಿ, ನೇಗಿ, ಮೆಂತೆಗಳನ್ನು ನೋಡಬೇಕು. ಮೆಂತೆಯೆಂದರೆ ಅದೇ ಅಡ್ಡಹೊಲಿಗೆ. ಲಂಬಾಣಿ ಕಸೂತಿಯ ಕಥೆ ಇನ್ನೂ ಹತ್ತಿರದ್ದು. ಸಂಡೂರು ಎಂದೊಡನೆ ಅದಿರಿನ ಲಾರಿಗಳೇ ನೆನಪಾಗುತ್ತವೆ, ಆದರೆ ಅದೇ ಸಂಡೂರಿನ ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಅವರ 1,755 ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಗುಡ್ಡವೊಂದು ಖಾಲಿಯಾಗುತ್ತಿರುವ ಊರಿನಲ್ಲಿ ಖಾಲಿಯಾಗದ ಜೀವನೋಪಾಯವೊಂದು ಸೂಜಿಯ ತುದಿಯಲ್ಲಿದೆ. ಕಡೂರು, ತರೀಕೆರೆಯ ತಾಂಡಾಗಳಲ್ಲಿ ಪೇಟಿಯ ತಳದಲ್ಲಿರುವ ಹಳೆಯ ಪೇಟಿಯಾಗಳನ್ನು ಹೊರತೆಗೆದು ಎಳೆಯೆಣಿಸಿ ನಕಲಿಸಿಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿನಿಯರೂ ವಿದ್ಯಾರ್ಥಿಗಳೂ ಈ ರಜೆಯಲ್ಲೇ ಕೈಗೊಳ್ಳಬಹುದು. ಹೊಲಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಪಕ್ಕದಲ್ಲಿ ಬರೆದಿಡಬೇಕು.

ಕಾವಲಿ ಹೊರತೆಗೆಯುವವರಿಗೆ ಎರಡು ಎಚ್ಚರಿಕೆ. ಬೆರಳಿನಿಂದ ತಟ್ಟಿದಾಗ ಗಂಟೆಯ ದನಿ ಬಾರದೆ ಒಡಕು ದನಿ ಬಂದರೆ ಬಿರುಕಿದೆ. ಬೀಡನ್ನು ಕಮ್ಮಾರನ ಕುಲುಮೆಯಲ್ಲಿ ಬಡಿದು ಕೂಡಿಸಲಾಗದು. ಸೀಸ ಕರಗಿಸಲು ಬಳಸಿದ್ದೆಂಬ ಅನುಮಾನವಿರುವ ಪಾತ್ರೆಯನ್ನು ಎಷ್ಟು ತಿಕ್ಕಿದರೂ ಅಡುಗೆಗೆ ತರಬಾರದು. ಈ ಎರಡನ್ನು ಮಾತ್ರ ಗುಜರಿಯ ಗಾಡಿಗೆ ಹಾಕಿ.